ಅಂತಿಯೋಕ್ಯದ ನಲವತ್ತು ದಿನಗಳು

ಬೂದಿ ಬುಧವಾರ ಕಳೆದು ಕ್ರೈಸ್ತರ ತಪಸ್ಸುಕಾಲ ಶುರುವಾಗಿದೆ. ಕ್ಯಾಥೊಲಿಕರಾದ ನಾವು ಇದನ್ನು ತಪಸ್ಸುಕಾಲ ಎನ್ನುತ್ತೇವೆ. ಪ್ರೊಟೆಸ್ಟಂಟ್ ಸಭೆಗಳವರಲ್ಲಿ ಹಲವರು ಲೆಂಟ್ ದಿನಗಳು ಎನ್ನುತ್ತಾರೆ. ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಇದು ಕರೆಜ್ಮ್. ಹೆಸರು ಯಾವುದಾದರೂ ಈ ದಿನಗಳಲ್ಲಿ ನೆರೆಹೊರೆಯವರು ನಮ್ಮನ್ನು ಕೇಳುವ, ನಾವು ನಮ್ಮನಮ್ಮಲ್ಲೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ‘ಈ ಸಲ ಏನು ಬಿಟ್ಟಿದ್ದೀರಿ?’ ಒಬ್ಬರು ಮಾಂಸ ಬಿಟ್ಟಿರುತ್ತಾರೆ, ಇನ್ನೊಬ್ಬರು ಕಾಫಿ, ಮತ್ತೊಬ್ಬರು ಸಿಗರೇಟು, ಹುಡುಗರು ಮೊಬೈಲಿನ ಆಟ. ಬಿಡುವುದು ಒಳ್ಳೆಯದೇ, ನಾನೂ ಬಿಡುತ್ತೇನೆ. ಆದರೆ ಬಿಟ್ಟದ್ದು ಯಾರಿಗಾಗಿ, ಅದರಿಂದ ಯಾರಿಗೆ ಏನು ಸಿಕ್ಕಿತು ಎಂದು ಕೇಳುವವರು ಕಡಿಮೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಎರಡನೆಯ ಪ್ರಶ್ನೆಯ ಬಗ್ಗೆ. ಅದಕ್ಕಾಗಿ ಹದಿನಾರು ಶತಮಾನಗಳ ಹಿಂದಿನ ಒಂದು ಊರಿಗೆ ಹೋಗಬೇಕು. ಹೋಗುವ ಮುಂಚೆ ಈ ಕಾಲದ ಲೆಕ್ಕ, ಕಟ್ಟಳೆ ಒಂದಿಷ್ಟು ಹೇಳಿಬಿಡುತ್ತೇನೆ.

ಬೂದಿ ಬುಧವಾರದಿಂದ ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ನಡುವೆ ಬರುವ ಆರು ಭಾನುವಾರಗಳು ಪ್ರಭು ಯೇಸುವಿನ ಪುನರುತ್ಥಾನದ ದಿನಗಳಾದ್ದರಿಂದ ಅವು ಉಪವಾಸಕ್ಕೆ ಸೇರುವುದಿಲ್ಲ. ಅವನ್ನು ಕಳೆದರೆ 40. ಕ್ಯಾಥೊಲಿಕ್ ಧರ್ಮಸಭೆಯ ಈಗಿನ ಕಟ್ಟಳೆ ತೀರ ಹಗುರವಾದದ್ದು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ ಉಪವಾಸ ಕಡ್ಡಾಯ. ಅದೂ 18 ತುಂಬಿದವರಿಗೆ, 59 ತುಂಬದವರಿಗೆ. ಆ ದಿನಗಳಲ್ಲಿ ಒಂದು ಹೊತ್ತು ಪೂರ್ತಿ ಊಟ ಮಾಡಬಹುದು, ಮಿಕ್ಕ ಎರಡು ಹೊತ್ತು ಅಲ್ಪಾಹಾರ. 14 ತುಂಬಿದವರೆಲ್ಲ ಆ ಎರಡು ದಿನವೂ ಶುಕ್ರವಾರಗಳಂದೂ ಮಾಂಸ ಬಿಡಬೇಕು. ಕೇರಳ ಮೂಲದ ಸಿರಿಯನ್ ಕ್ರೈಸ್ತರ ಸಂಪ್ರದಾಯ ಇದಕ್ಕಿಂತ ಕಠಿಣ. ಅವರದು ಐವತ್ತು ದಿನಗಳ ದೊಡ್ಡ ನೋಂಬು. ಅದನ್ನು ಕಟ್ಟುನಿಟ್ಟಾಗಿ ಹಿಡಿದವರು ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಬೆಳ್ತಂಗಡಿ, ನೆಲ್ಯಾಡಿ ಕಡೆ ಬಂದು ನೆಲೆಸಿದ ರಬ್ಬರ್ ತೋಟದ ಕುಟುಂಬಗಳಲ್ಲಿ ಈ ನೋಂಬನ್ನು ಈಗಲೂ ಕಾಣಬಹುದು.

ಇನ್ನು ಬೂದಿ. ಕಳೆದ ವರ್ಷ ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ಹಿಡಿದ ಗರಿಗಳನ್ನು ಜನ ಮನೆಗೆ ಒಯ್ದು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಾರೆ. ಒಣಗಿದ ಆ ಗರಿಗಳನ್ನು ಚರ್ಚಿಗೆ ತಂದುಕೊಟ್ಟರೆ ಅವನ್ನು ಸುಟ್ಟು ಬೂದಿ ಮಾಡುತ್ತಾರೆ. ಧರ್ಮಗುರು ಅದನ್ನು ಹಣೆಗೆ ಹಚ್ಚುವಾಗ, ಮಣ್ಣಿನಿಂದ ಬಂದ ನೀನು ಮಣ್ಣಿಗೇ ಮರಳುತ್ತೀಯೆ ಎಂದು ನೆನಪಿಸುತ್ತಾರೆ. ಇಲ್ಲವೆ, ಮನಸ್ಸು ತಿರುಗಿಸಿಕೊಂಡು ಶುಭಸಂದೇಶದಲ್ಲಿ ನಂಬಿಕೆ ಇಡು ಎನ್ನುತ್ತಾರೆ. ಬಹಳ ಹಿಂದೆ ಈ ಬೂದಿ ಎಲ್ಲರಿಗೂ ಇರಲಿಲ್ಲ. ಊರಿಗೆಲ್ಲ ಗೊತ್ತಾಗುವಂಥ ದೊಡ್ಡ ಪಾಪ ಮಾಡಿದವರು, ಕೊಲೆ ಮಾಡಿದವರು, ಧರ್ಮಭ್ರಷ್ಟರಾದವರು ಎಲ್ಲರ ಎದುರು ಪ್ರಾಯಶ್ಚಿತ್ತಕ್ಕೆ ನಿಲ್ಲಬೇಕಿತ್ತು. ಬೂದಿ ಅವರ ತಲೆಯ ಮೇಲೆ ಬೀಳುತ್ತಿತ್ತು. ಕಾಲಕ್ರಮೇಣ ಉಳಿದವರೂ ತಾವಾಗಿಯೇ ಅವರ ಪಕ್ಕ ಹೋಗಿ ನಿಂತರು. 1091ರಲ್ಲಿ ಇಟಲಿಯ ಬೆನೆವೆಂತೊ ಸಭೆ ಎಲ್ಲ ಭಕ್ತರೂ ಬೂದಿ ಸ್ವೀಕರಿಸಬೇಕೆಂದು ವಿಧಿಸಿತು. ಈ ಬೆಳವಣಿಗೆ ನನಗೆ ಬಹಳ ಮುಖ್ಯವೆನಿಸುತ್ತದೆ. ಪಾಪಿ ಎಂದು ಬೇರೆ ನಿಲ್ಲಿಸಿದವನ ಸಾಲಿಗೆ ಇಡೀ ಊರು ಬಂದು ಸೇರಿಕೊಂಡಿತು. ಇವತ್ತು ಆ ಸಾಲಿನಲ್ಲಿ ಪೋಪ್ ಕೂಡ ತಲೆ ಬಾಗಿಸಿ ನಿಲ್ಲುತ್ತಾರೆ.

ಅದೇ ಬುಧವಾರ ಓದುವ ಶುಭಸಂದೇಶದ ಭಾಗ ಮತ್ತಾಯನು ಬರೆದ ಗ್ರಂಥದ ಆರನೆಯ ಅಧ್ಯಾಯದ್ದು. ಅಲ್ಲಿ ಯೇಸು ಹೇಳುವುದೇನು? ಉಪವಾಸ ಮಾಡುವಾಗ ಸೊರಗಿದ ಮುಖ ಹಾಕಿಕೊಳ್ಳಬೇಡ. ತಲೆಗೆ ಎಣ್ಣೆ ಹಚ್ಚಿಕೊ, ಮುಖ ತೊಳೆದುಕೊ. ನೀನು ಉಪವಾಸ ಇದ್ದೀಯೆಂದು ಯಾರಿಗೂ ಗೊತ್ತಾಗದಿರಲಿ. ಕೊಡುವುದನ್ನು ಸದ್ದಿಲ್ಲದೆ ಕೊಡು, ಪ್ರಾರ್ಥನೆಯನ್ನು ಬಾಗಿಲು ಮುಚ್ಚಿಕೊಂಡು ಮಾಡು. ಹಣೆಗೆ ಎಲ್ಲರಿಗೂ ಕಾಣುವ ಬೂದಿ, ಕಿವಿಗೆ ಮುಖ ತೊಳೆದುಕೊ ಎಂಬ ಮಾತು, ಎರಡೂ ಒಂದೇ ದಿನ. ಇದೇಕೆ ಹೀಗೆ ಎಂದು ಚಿಕ್ಕಂದಿನಿಂದಲೂ ಯೋಚಿಸಿದ್ದೇನೆ. ನನಗೆ ಹೊಳೆದದ್ದು ಇಷ್ಟು: ಬೂದಿ ನನ್ನ ಉಪವಾಸದ ಹೆಗ್ಗಳಿಕೆಯನ್ನು ಸಾರುವುದಿಲ್ಲ. ನಾನೂ ತಪ್ಪಿತಸ್ಥ, ನಾನೂ ಸಾಯುವವನು ಎಂಬುದನ್ನಷ್ಟೇ ಸಾರುತ್ತದೆ. ಅದು ಎಲ್ಲರಿಗೂ ಕಾಣಲಿ. ನನ್ನ ಒಳ್ಳೆಯತನ ಬೇಕಾದರೆ ಮುಚ್ಚಿಯೇ ಇರಲಿ.

ನಲವತ್ತು ದಿನಗಳಿಗೆ ಮೂಲ ಯೇಸು ಜುದೇಯದ ಮರಳುಗಾಡಿನಲ್ಲಿ ಕಳೆದ ನಲವತ್ತು ದಿನಗಳು. ಹಸಿದಿದ್ದ ಅವರ ಬಳಿಗೆ ಸೈತಾನ ಬಂದು, ನೀನು ದೇವರ ಪುತ್ರನಾದರೆ ಈ ಕಲ್ಲುಗಳನ್ನು ರೊಟ್ಟಿ ಮಾಡು ಎಂದು ಕೆಣಕಿದ. ಯೇಸು ಒಪ್ಪಲಿಲ್ಲ. ಈ ಶೋಧನೆಯ ಕಥೆಯನ್ನು ನಾವು ಪ್ರತಿ ವರ್ಷ ತಪಸ್ಸುಕಾಲದ ಮೊದಲ ಭಾನುವಾರ ಕೇಳುತ್ತೇವೆ, ಕೇಳಿ ಇಂದ್ರಿಯನಿಗ್ರಹದ ಪಾಠವೆಂದು ಎದ್ದು ಬರುತ್ತೇವೆ. ಆದರೆ ಅದೇ ಶುಭಸಂದೇಶದಲ್ಲಿ ಇನ್ನಷ್ಟು ಪುಟ ತಿರುಗಿಸಿದರೆ ಇನ್ನೊಂದು ನಿರ್ಜನ ಪ್ರದೇಶ, ಅಲ್ಲಿ ಸಂಜೆಯ ಹೊತ್ತು ಹಸಿದ ಐದು ಸಾವಿರ ಗಂಡಸರು, ಅವರ ಹೆಂಗಸರು ಮಕ್ಕಳು. ಅಲ್ಲಿ ಅದೇ ಯೇಸು ಐದು ರೊಟ್ಟಿ ಎರಡು ಮೀನನ್ನು ಎಲ್ಲರಿಗೂ ಸಾಲುವಂತೆ ಹಂಚಿಸಿದರು. ತನ್ನ ಹಸಿವಿಗೆ ರೊಟ್ಟಿ ಮಾಡಿಕೊಳ್ಳಲು ಒಲ್ಲೆ ಎಂದವರು ಜನರ ಹಸಿವಿಗೆ ಹಿಂದೆಮುಂದೆ ನೋಡಲಿಲ್ಲ. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಕ್ರೈಸ್ತರ ಉಪವಾಸ ನನಗೆ ಅರ್ಥವಾಗತೊಡಗಿದ್ದು. ಬೂದಿ ಬುಧವಾರದ ಬೆನ್ನಿಗೇ ಬರುವ ಶುಕ್ರವಾರ ಪ್ರವಾದಿ ಯೆಶಾಯನ 58ನೆಯ ಅಧ್ಯಾಯವನ್ನು ಓದುವ ಪದ್ಧತಿಯೂ ಇದಕ್ಕೇ. ಉಪವಾಸವಿದ್ದು ಕೂಲಿಯವರನ್ನು ಹಿಂಡುವವರ ಮೇಲೆ ದೇವರು ಸಿಟ್ಟಾಗುವ ಭಾಗ ಅದು. ಹಸಿದವರಿಗೆ ಅನ್ನ, ಮನೆಯಿಲ್ಲದವರಿಗೆ ಸೂರು, ನೊಗ ಹೊತ್ತವರಿಗೆ ಬಿಡುಗಡೆ, ಇವು ತನಗೆ ಬೇಕಾದ ಉಪವಾಸವೆಂದು ಪ್ರವಾದಿಯ ಬಾಯಿಂದ ದೇವರು ಹೇಳಿಸುತ್ತಾರೆ.

ಪಾಸ್ಕ ಹಬ್ಬದ ಮುಂಚಿನ ಉಪವಾಸದ ಬಗ್ಗೆ ಉಳಿದುಬಂದಿರುವ ತೀರ ಹಳೆಯ ಬರಹಗಳಲ್ಲಿ ಒಂದು, ಎರಡನೆಯ ಶತಮಾನದ ಕೊನೆಯಲ್ಲಿ ಬಿಷಪ್ ಐರೇನಿಯಸ್ ಬರೆದ ಪತ್ರ. ಇಂದಿನ ಫ್ರಾನ್ಸಿನ ಲಿಯೋನ್ ನಗರದವರು ಅವರು. ಕೆಲವರು ಒಂದು ದಿನ ಉಪವಾಸ ಮಾಡುತ್ತಾರೆ, ಕೆಲವರು ಎರಡು ದಿನ, ಇನ್ನು ಕೆಲವರು ನಲವತ್ತು ಗಂಟೆ ಎಂದು ಅದರಲ್ಲಿ ಬರೆದಿದ್ದಾರೆ. ಆ ಪತ್ರ ಹುಟ್ಟಿದ್ದು ಒಂದು ಜಗಳದಲ್ಲಿ. ಪಾಸ್ಕವನ್ನು ಯಾವ ದಿನ ಆಚರಿಸಬೇಕೆಂಬ ವಿಷಯಕ್ಕೆ ರೋಮಿನ ಬಿಷಪ್ ವಿಕ್ಟರ್ ಏಷ್ಯಾ ಪ್ರಾಂತ್ಯದ ಸಭೆಗಳನ್ನು ಹೊರಗೆ ಹಾಕಲು ಹೊರಟಿದ್ದರು. ಐರೇನಿಯಸ್ ತಡೆದರು. ನಮ್ಮ ಹಿರಿಯರು ಬೇರೆಬೇರೆ ರೀತಿಯಲ್ಲಿ ಉಪವಾಸ ಮಾಡಿಯೂ ಒಬ್ಬರೊಡನೊಬ್ಬರು ಸಮಾಧಾನದಿಂದ ಇದ್ದರಲ್ಲವೆ, ಉಪವಾಸದಲ್ಲಿ ಭೇದವಿದ್ದರೂ ನಂಬಿಕೆ ಒಂದೇ ಎಂಬುದು ಅದರಿಂದಲೇ ಗಟ್ಟಿಯಾಗುತ್ತದಲ್ಲವೆ ಎಂದು ಬರೆದರು. ಆಮೇಲೆ 325ರಲ್ಲಿ ನಡೆದ ನೈಸಿಯಾ ಮಹಾಸಭೆಯ ಹೊತ್ತಿಗೆ ನಲವತ್ತು ದಿನಗಳ ಕಾಲ ರೂಢಿಗೆ ಬಂದಿತ್ತು. ಅಲ್ಲಿನ ಒಂದು ನಿಯಮ ಅದನ್ನು ಹೆಸರಿಸುತ್ತದೆ. ಆ ನಿಯಮವೂ ಜಗಳದ್ದೇ. ಬಿಷಪರು ವರ್ಷಕ್ಕೆ ಎರಡು ಬಾರಿ ಸೇರಿ ತಕರಾರುಗಳನ್ನು ಬಗೆಹರಿಸಬೇಕು, ಅದರಲ್ಲಿ ಒಂದು ಸಭೆ ಈ ನಲವತ್ತು ದಿನಗಳಿಗೆ ಮುಂಚೆಯೇ ನಡೆಯಬೇಕು, ಮನಸ್ಸಿನ ಕಹಿಯೆಲ್ಲ ಕಳೆದ ಮೇಲೆ ದೇವರಿಗೆ ಶುದ್ಧವಾದ ಕಾಣಿಕೆ ಸಲ್ಲಲಿ ಎಂದು ಅದು ಹೇಳುತ್ತದೆ.

ಈಗ ನಾನು ಹೇಳಿದ ಊರಿಗೆ ಬರೋಣ. ಅಂತಿಯೋಕ್ಯ. ಯೇಸುವಿನ ಶಿಷ್ಯರಿಗೆ ಕ್ರೈಸ್ತರು ಎಂಬ ಹೆಸರು ಮೊದಲು ಬಂದದ್ದು ಈ ಊರಿನಲ್ಲಿ. ಇಂದು ತುರ್ಕಿಯ ದಕ್ಷಿಣದಲ್ಲಿರುವ ಅಂಟಾಕ್ಯ ಅದೇ. 2023ರ ಫೆಬ್ರವರಿಯ ಭೂಕಂಪದಲ್ಲಿ ಆ ನಗರದ ಬಹುಭಾಗ ನೆಲಕಚ್ಚಿದ್ದು ನಿಮಗೆ ನೆನಪಿರಬಹುದು. ನಾಲ್ಕನೆಯ ಶತಮಾನದಲ್ಲಿ ಅದು ರೋಮನ್ ಸಾಮ್ರಾಜ್ಯದ ಅತಿ ದೊಡ್ಡ ನಗರಗಳಲ್ಲಿ ಒಂದು.

387ನೆಯ ಇಸವಿ. ತಪಸ್ಸುಕಾಲ ಇನ್ನೇನು ಶುರುವಾಗಬೇಕು. ಚಕ್ರವರ್ತಿ ಥಿಯೊಡೋಸಿಯಸ್ ಹೇರಿದ ಹೊಸ ತೆರಿಗೆಯ ಆಜ್ಞೆಯನ್ನು ಊರಿನಲ್ಲಿ ಓದಿ ಹೇಳಿದರು. ಜನ ರೊಚ್ಚಿಗೆದ್ದರು. ಗುಂಪು ಬೆಳೆಯಿತು, ಕಲ್ಲುಗಳು ಹಾರಿದವು. ಚಕ್ರವರ್ತಿಯ ಪ್ರತಿಮೆ, ಸ್ವಲ್ಪ ಕಾಲದ ಹಿಂದಷ್ಟೇ ತೀರಿಕೊಂಡಿದ್ದ ಅವನ ರಾಣಿ ಫ್ಲಾಕಿಲಾಳ ಪ್ರತಿಮೆ, ಮಕ್ಕಳ ಪ್ರತಿಮೆ, ಎಲ್ಲವನ್ನೂ ಪೀಠದಿಂದ ಕೆಡವಿ ಬೀದಿಯಲ್ಲಿ ಎಳೆದಾಡಿದರು. ಆ ಕಾಲದಲ್ಲಿ ಇದು ರಾಜದ್ರೋಹ. ಕೆಲವು ಗಂಟೆಗಳಲ್ಲಿ ಗಲಭೆ ಅಡಗಿತು, ಆಮೇಲೆ ಬಂದದ್ದು ಭಯ. ಊರಿನ ಅಧಿಕಾರಿ ಸಿಕ್ಕಸಿಕ್ಕವರನ್ನು ಹಿಡಿಸಿ ಕೊಲ್ಲಿಸಿದ, ಮಕ್ಕಳನ್ನೂ ಬಿಡಲಿಲ್ಲ. ಸೈನ್ಯ ಬಂದು ಊರನ್ನೇ ಸುಡುತ್ತದೆಂಬ ಸುದ್ದಿ ಹಬ್ಬಿತು. ಉಳ್ಳವರು ಗಂಟುಮೂಟೆ ಕಟ್ಟಿಕೊಂಡು ಬೆಟ್ಟಗಳಿಗೆ ಓಡಿದರು. ಮಾರುಕಟ್ಟೆ ಬಣಗುಟ್ಟಿತು.

ಊರಿನ ಬಿಷಪ್ ಫ್ಲೇವಿಯನ್ ಮುದುಕರು. ಅವರ ಒಬ್ಬಳೇ ಸಹೋದರಿ ಮರಣಶಯ್ಯೆಯಲ್ಲಿದ್ದಳು. ಆಕೆಯನ್ನು ಬಿಟ್ಟು, ಚಳಿಗಾಲ ಮುಗಿಯದ ಆ ದಿನಗಳಲ್ಲಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಕಾನ್‌ಸ್ಟಾಂಟಿನೋಪಲ್‌ಗೆ ಅವರು ಹೊರಟರು. ಜನರ ಪರವಾಗಿ ಚಕ್ರವರ್ತಿಯ ಕಾಲು ಹಿಡಿಯುವುದಕ್ಕೆ. ಊರನ್ನು ನೋಡಿಕೊಳ್ಳಲು ಉಳಿದವರು ಯೊವಾನ್ನ ಎಂಬ ಧರ್ಮಗುರು. ಅವರಿಗೆ ಗುರುದೀಕ್ಷೆಯಾಗಿ ಒಂದು ವರ್ಷವಾಗಿತ್ತಷ್ಟೆ. ಮುಂದೆ ಚಿನ್ನದ ಬಾಯಿಯವರು, ಕ್ರಿಸೋಸ್ತಮ್, ಎಂದು ಲೋಕ ಕೊಂಡಾಡಿದ್ದು ಇವರನ್ನೇ. ಗಲಭೆಯಾದ ಮೇಲೆ ಏಳು ದಿನ ಅವರು ಬಾಯಿ ತೆರೆಯಲಿಲ್ಲ. ಬೈಬಲಿನ ಯೋಬನ ಗೆಳೆಯರು ಅವನ ದುಃಖ ನೋಡಿ ಏಳು ದಿನ ಮೌನವಾಗಿ ಪಕ್ಕದಲ್ಲಿ ಕೂತಂತೆ ತಾವೂ ಇದ್ದೆವೆಂದು ಆಮೇಲೆ ಹೇಳಿದರು. ಎಂಟನೆಯ ದಿನ ಮಾತು ಶುರುಮಾಡಿದವರು ತಪಸ್ಸುಕಾಲವಿಡೀ ನಿಲ್ಲಿಸಲಿಲ್ಲ. ಆ ಉಪದೇಶಗಳು ಪ್ರತಿಮೆಗಳ ಕುರಿತ ಉಪದೇಶಗಳೆಂದು ಹೆಸರಾಗಿ ಇಂದಿಗೂ ಉಳಿದಿವೆ.

ನಾನು ಅವನ್ನು ಓದಲು ಕೂತಾಗ ರಾಜಕೀಯವೇ ತುಂಬಿರುತ್ತದೆ ಎಂದುಕೊಂಡಿದ್ದೆ. ಚಕ್ರವರ್ತಿಯ ಕೋಪ, ಊರಿನ ಗತಿ, ತೆರಿಗೆಯ ನ್ಯಾಯಾನ್ಯಾಯ. ಅವೂ ಇವೆ. ಆದರೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂತ ಜನಕ್ಕೆ ಯೊವಾನ್ನರು ಮತ್ತೆಮತ್ತೆ ಹೇಳಿದ್ದು ಮೂರು ಮಾತು: ಯಾರ ಬಗ್ಗೆಯೂ ಕೆಟ್ಟದ್ದು ಆಡಬೇಡಿ. ಯಾರನ್ನೂ ಶತ್ರುವೆಂದು ಇಟ್ಟುಕೊಳ್ಳಬೇಡಿ. ಮಾತುಮಾತಿಗೆ ಆಣೆ ಹಾಕುವ ಚಾಳಿ ಬಿಡಿ. ಈ ನಲವತ್ತು ದಿನಗಳಲ್ಲಿ ಇದನ್ನು ರೂಢಿಸಿಕೊಳ್ಳಿ ಎಂದು ಬೇಡಿಕೊಂಡರು, ಗದರಿದರು, ಬಿಡದೆ ಬೆನ್ನುಹತ್ತಿದರು. ಆಣೆಯ ವಿಷಯವನ್ನಂತೂ ಜನಕ್ಕೆ ಬೇಸರವಾಗುವಷ್ಟು ಸಲ ಎತ್ತಿದರು. ಬೇಸರವಾದರೆ ಬಿಟ್ಟುಬಿಡಿ, ನಾನೂ ಹೇಳುವುದನ್ನು ಬಿಡುತ್ತೇನೆ ಎಂಬುದು ಅವರ ಧಾಟಿ. ಕೋಪದಲ್ಲಿ ಆಡಿದ ಒಂದು ಆಣೆ ಮನೆಯ ಆಳನ್ನು ಹೊಡೆಸುತ್ತದೆ, ಗಂಡಹೆಂಡಿರನ್ನು ಬೇರೆ ಮಾಡುತ್ತದೆ ಎಂಬುದನ್ನು ಮನೆಯೊಳಗಿನ ಉದಾಹರಣೆಗಳಿಂದಲೇ ತೋರಿಸಿದರು. ಉಪವಾಸ ಬಾಯಿಗೆ ಮಾತ್ರ ಸಲ್ಲದು, ಕಣ್ಣಿಗೆ ಕಿವಿಗೆ ಕೈಗೆ ಕಾಲಿಗೂ ಇರಲಿ ಎಂದರು. ಹಕ್ಕಿ ಮೀನುಗಳನ್ನು ಬಿಟ್ಟು ಅಣ್ಣತಮ್ಮಂದಿರನ್ನು ಕಚ್ಚಿ ತಿಂದರೆ ಏನು ಬಂತು ಎಂದು ಕೇಳಿದರು.

ನನ್ನನ್ನು ತಡೆದು ನಿಲ್ಲಿಸಿದ ಭಾಗ ಇನ್ನೊಂದಿದೆ. ಅಂತಿಯೋಕ್ಯದಲ್ಲೂ ಜನ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರಂತೆ, ಎಷ್ಟು ವಾರ ಉಪವಾಸ ಮಾಡಿದೆ ಎಂದು. ಒಬ್ಬ ಎರಡು ವಾರ ಎನ್ನುತ್ತಿದ್ದ, ಒಬ್ಬ ಮೂರು, ಇನ್ನೊಬ್ಬ ಎಲ್ಲ ವಾರ. ಯೊವಾನ್ನರು ಅದಕ್ಕೆ ಉತ್ತರ ಕಲಿಸಿಕೊಟ್ಟರು. ಇಡೀ ತಪಸ್ಸುಕಾಲ ಉಪವಾಸ ಮಾಡಿದೆ ಎಂದು ಒಬ್ಬ ಹೇಳಿದರೆ ನೀನು ಹೇಳು, ನನಗೊಬ್ಬ ವೈರಿಯಿದ್ದ, ಅವನೊಂದಿಗೆ ರಾಜಿಯಾದೆ. ಪರರನ್ನು ದೂಷಿಸುವ ಅಭ್ಯಾಸವಿತ್ತು, ನಿಲ್ಲಿಸಿದೆ. ಆಣೆ ಹಾಕುವ ಚಾಳಿಯಿತ್ತು, ಬಿಟ್ಟೆ. ನೋಡಿ, ಇವತ್ತು ನಾವು ಕೇಳುವ ಪ್ರಶ್ನೆಯನ್ನೇ ಅವತ್ತೂ ಕೇಳುತ್ತಿದ್ದರು.

ಯೊವಾನ್ನರು ಹೀಗೆ ಬೋಧಿಸುತ್ತಿದ್ದಾಗ ರಾಜಧಾನಿಯಿಂದ ಇಬ್ಬರು ದೊಡ್ಡ ಅಧಿಕಾರಿಗಳು ಬಂದಿಳಿದರು. ಹೆಲೆಬಿಕಸ್, ಸೀಸೇರಿಯಸ್ ಎಂದು ಅವರ ಹೆಸರು. ನಾಟಕಶಾಲೆ, ಕುದುರೆ ಪಂದ್ಯದ ಮೈದಾನ, ಸ್ನಾನಗೃಹಗಳನ್ನು ಮುಚ್ಚಿಸಿದರು. ಪ್ರಾಂತ್ಯದ ಮುಖ್ಯ ನಗರವೆಂಬ ಹಿರಿಮೆಯನ್ನು ಕಸಿದುಕೊಂಡರು. ವಿಚಾರಣೆ ಶುರುವಾಯಿತು, ಹೊರಗೆ ತಾಯಂದಿರು ನೆಲದ ಮೇಲೆ ಹೊರಳಿ ಅತ್ತರು. ಅಷ್ಟರಲ್ಲಿ ಸುತ್ತಲ ಬೆಟ್ಟಗಳ ಗುಹೆಗಳಿಂದ ಸನ್ಯಾಸಿಗಳು ಇಳಿದು ಬಂದರು. ವರ್ಷಗಟ್ಟಲೆ ಊರಿನ ಮುಖ ನೋಡದವರು. ಅವರಲ್ಲೊಬ್ಬ ಮ್ಯಾಸಿಡೋನಿಯಸ್. ಓದುಬರಹವಿಲ್ಲದವನು, ಬಾರ್ಲಿ ತಿಂದು ಬದುಕಿದವನು. ದಾರಿಯಲ್ಲಿ ಅಧಿಕಾರಿಯ ಮೇಲುಹೊದಿಕೆ ಹಿಡಿದು ನಿಲ್ಲಿಸಿ, ಚಕ್ರವರ್ತಿಗೆ ಹೀಗೆ ಹೇಳಿ ಎಂದ: ಕೆಡವಿದ್ದು ಕಂಚಿನ ಪ್ರತಿಮೆ, ಅದನ್ನು ಮತ್ತೆ ಎರಕ ಹೊಯ್ಯಬಹುದು. ನೀವು ಕೊಲ್ಲಹೊರಟಿರುವುದು ದೇವರ ಪ್ರತಿರೂಪವಾದ ಮನುಷ್ಯನನ್ನು, ಅವನ ಒಂದು ಕೂದಲನ್ನಾದರೂ ಮರಳಿ ಸೃಷ್ಟಿಸಲು ನಿಮ್ಮಿಂದ ಆಗುತ್ತದೆಯೆ? ಜೀವಮಾನವೆಲ್ಲ ಉಪವಾಸವಿದ್ದವನಿಗೆ ಹೆದರಿಸಿ ಕಸಿದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಆ ಧೈರ್ಯ ಬಂದದ್ದು ಅಲ್ಲಿಂದ ಎಂದು ನಾನು ತಿಳಿದಿದ್ದೇನೆ. ಅಧಿಕಾರಿಗಳು ಶಿಕ್ಷೆಯನ್ನು ತಡೆಹಿಡಿದು ಚಕ್ರವರ್ತಿಯ ಮಾತಿಗೆ ಕಾದರು.

ಅತ್ತ ಕಾನ್‌ಸ್ಟಾಂಟಿನೋಪಲ್‌ನ ಅರಮನೆಯಲ್ಲಿ ಫ್ಲೇವಿಯನ್ ದೂರದಲ್ಲೇ ನಿಂತು ಕಣ್ಣೀರು ಹಾಕುತ್ತಿದ್ದರಂತೆ. ಚಕ್ರವರ್ತಿಯೇ ಎದ್ದು ಹತ್ತಿರ ಬಂದ. ಆಮೇಲೆ ನಡೆದ ಮಾತನ್ನು ಯೊವಾನ್ನರು ಪಾಸ್ಕ ಹಬ್ಬದ ಉಪದೇಶದಲ್ಲಿ ವಿವರಿಸಿದ್ದಾರೆ. ಹಿಂದೆ ಕಾನ್‌ಸ್ಟಂಟೈನ್ ಚಕ್ರವರ್ತಿಯ ಪ್ರತಿಮೆಗೆ ಯಾರೋ ಕಲ್ಲು ಹೊಡೆದಾಗ ಅವನು ತನ್ನ ಮುಖ ಸವರಿಕೊಂಡು, ಗಾಯವೇನೂ ಕಾಣುತ್ತಿಲ್ಲವಲ್ಲ ಎಂದು ನಕ್ಕಿದ್ದನ್ನು ಫ್ಲೇವಿಯನ್ ನೆನಪಿಸಿದರು. ಪಾಸ್ಕ ಹಬ್ಬಕ್ಕೆ ಕೈದಿಗಳನ್ನು ಬಿಡಿಸುವ ಆಜ್ಞೆ ಹೊರಡಿಸುವಾಗ, ಸತ್ತವರನ್ನೂ ಎಬ್ಬಿಸುವ ಶಕ್ತಿ ನನಗಿದ್ದಿದ್ದರೆ ಎಂದು ನೀವೇ ಹೇಳಿದ್ದಿರಲ್ಲವೆ, ಈಗ ಆ ಶಕ್ತಿ ನಿಮ್ಮ ಕೈಯಲ್ಲಿದೆ, ಒಂದು ಊರನ್ನೇ ಬದುಕಿಸಿ ಎಂದು ಕೇಳಿದರು. ಚಕ್ರವರ್ತಿ ಕರಗಿದ. ತನ್ನನ್ನು ಶಿಲುಬೆಗೇರಿಸಿದವರಿಗಾಗಿ ಪ್ರಭುವೇ ಪ್ರಾರ್ಥಿಸಿರುವಾಗ ಮನುಷ್ಯನಾದ ನಾನು ಮನುಷ್ಯರನ್ನು ಕ್ಷಮಿಸುವುದರಲ್ಲಿ ಹೆಚ್ಚೇನಿದೆ ಎಂದ. ಹಬ್ಬಕ್ಕೆ ಮುಂಚೆ ಊರಿಗೆ ಸುದ್ದಿ ಮುಟ್ಟಲಿ ಎಂದು ಫ್ಲೇವಿಯನ್ ತಮಗಿಂತ ಮುಂದಾಗಿ ದೂತರನ್ನು ಓಡಿಸಿದರು. ಜನ ಚೌಕಕ್ಕೆಲ್ಲ ಹಸಿರು ತೋರಣ ಕಟ್ಟಿ ದೀಪ ಹಚ್ಚಿದರು. ಹೊರಡುವಾಗ ಸಾವಿನ ಅಂಚಿನಲ್ಲಿದ್ದ ಸಹೋದರಿ, ಬಿಷಪ್ ಮರಳಿದಾಗ ಇನ್ನೂ ಜೀವಂತವಾಗಿದ್ದಳೆಂದು ಯೊವಾನ್ನರು ಹೇಳುತ್ತಾರೆ.

ಇದೇ ತಪಸ್ಸುಕಾಲದಲ್ಲಿ, ಇದೇ ಸಾಮ್ರಾಜ್ಯದ ಪಶ್ಚಿಮಕ್ಕಿದ್ದ ಮಿಲಾನ್ ನಗರದಲ್ಲಿ, 32 ವರ್ಷದ ಒಬ್ಬ ಮಾಜಿ ಅಧ್ಯಾಪಕ ಜ್ಞಾನಸ್ನಾನಕ್ಕೆ ಸಿದ್ಧನಾಗುತ್ತಿದ್ದ. ಅವನೇ ಮುಂದೆ ಸಂತ ಅಗಸ್ಟೀನ್ ಎಂದು ಹೆಸರಾದವನು. ಆಗೆಲ್ಲ ಈ ನಲವತ್ತು ದಿನಗಳು ಮುಖ್ಯವಾಗಿ ಹೊಸಬರ ದಿನಗಳು. ಪಾಸ್ಕದ ರಾತ್ರಿ ಜ್ಞಾನಸ್ನಾನ ಪಡೆಯುವವರು ದಿನದಿನವೂ ಬಂದು ಪಾಠ ಕೇಳಬೇಕು, ಬದುಕನ್ನು ತಿದ್ದಿಕೊಳ್ಳಬೇಕು. ಅದೇ ದಶಕದಲ್ಲಿ ಜೆರುಸಲೇಮಿಗೆ ಯಾತ್ರೆ ಹೋಗಿದ್ದ ಎಜೀರಿಯಾ ಎಂಬ ಮಹಿಳೆ ಅಲ್ಲಿನ ಬಿಷಪ್ ಬೆಳಿಗ್ಗೆ ಮೂರು ಗಂಟೆ ಕಾಲ ಪಾಠ ಹೇಳುತ್ತಿದ್ದುದನ್ನು ಬರೆದಿಟ್ಟಿದ್ದಾಳೆ. ಹೆಸರು ನೋಂದಾಯಿಸುವಾಗ ಬಿಷಪ್ ನೆರೆಹೊರೆಯವರನ್ನು ಕರೆದು, ಇವನು ತಂದೆತಾಯಿಗೆ ಗೌರವ ಕೊಡುವವನೇ, ಕುಡುಕನೇ, ಸುಳ್ಳುಗಾರನೇ ಎಂದು ವಿಚಾರಿಸುತ್ತಿದ್ದರಂತೆ. ದೇವರ ಮನೆಗೆ ಸೇರಲು ನೆರೆಮನೆಯವರ ಸಾಕ್ಷಿ ಬೇಕಿತ್ತು.

ಅಗಸ್ಟೀನರಿಗೆ ಜ್ಞಾನಸ್ನಾನ ಕೊಟ್ಟ ಬಿಷಪ್ ಆಂಬ್ರೋಸ್ ಮೂರು ವರ್ಷಗಳ ನಂತರ ಈ ಕಥೆಗೆ ಬರುತ್ತಾರೆ. ಅಂತಿಯೋಕ್ಯವನ್ನು ಕ್ಷಮಿಸಿದ ಅದೇ ಥಿಯೊಡೋಸಿಯಸ್ 390ರಲ್ಲಿ ಥೆಸಲೋನಿಕದ ಗಲಭೆಗೆ ಸಿಟ್ಟಾಗಿ ಸೈನಿಕರನ್ನು ಬಿಟ್ಟು ಸಾವಿರಾರು ಜನರನ್ನು ಕೊಲ್ಲಿಸಿದ. ಆಂಬ್ರೋಸ್ ಪತ್ರ ಬರೆದರು: ನೀವು ಪ್ರಾಯಶ್ಚಿತ್ತ ಮಾಡಿಕೊಳ್ಳುವ ತನಕ ನಿಮ್ಮ ಎದುರು ನಾನು ಬಲಿಪೂಜೆ ಅರ್ಪಿಸಲಾರೆ. ಚಕ್ರವರ್ತಿ ರಾಜಚಿಹ್ನೆಗಳನ್ನು ಕಳಚಿಟ್ಟು ಎಲ್ಲರ ಎದುರು ತಪ್ಪೊಪ್ಪಿಕೊಂಡ. ಇದು ನಡೆದದ್ದು ತಪಸ್ಸುಕಾಲದಲ್ಲಲ್ಲ, ಕ್ರಿಸ್‌ಮಸ್‌ಗೆ ಮುಂಚಿನ ತಿಂಗಳುಗಳಲ್ಲಿ. ಆದರೂ ಇಲ್ಲಿ ಹೇಳಲೇಬೇಕು. 387ರ ಕರುಣೆ 390ರಲ್ಲಿ ಅವನ ಕೈಹಿಡಿಯಲಿಲ್ಲ. ಒಂದು ಸಲ ಕ್ಷಮಿಸಿದ ಮನಸ್ಸು ಮತ್ತೆ ಕಲ್ಲಾಗಬಹುದು. ಈ ನಲವತ್ತು ದಿನಗಳು ಪ್ರತಿ ವರ್ಷ ಬರುವುದು ಅದಕ್ಕಾಗಿಯೇ ಎಂದು ನನ್ನ ನಂಬಿಕೆ.

ನಮ್ಮ ಮನೆಗಳಿಗೆ ಬರೋಣ. ನಮ್ಮಮ್ಮ ತಪಸ್ಸುಕಾಲದಲ್ಲಿ ಮೀನು ತರುವುದನ್ನು ನಿಲ್ಲಿಸುತ್ತಿದ್ದರು. ಮೀನಿಗೆ ಖರ್ಚಾಗುತ್ತಿದ್ದ ದುಡ್ಡನ್ನು ಒಂದು ಹಾರ್ಲಿಕ್ಸ್ ಡಬ್ಬಿಗೆ ಹಾಕುತ್ತಿದ್ದರು. ಪವಿತ್ರ ವಾರದಲ್ಲಿ ಆ ಡಬ್ಬಿ ಖಾಲಿಯಾಗಿರುತ್ತಿತ್ತು, ಯಾರಿಗೆ ಕೊಟ್ಟರೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಐದನೆಯ ಶತಮಾನದಲ್ಲಿ ಪೋಪ್ ಮಹಾ ಲಿಯೊ ರೋಮಿನ ಜನಕ್ಕೆ ಹೇಳಿದ್ದೂ ಇದನ್ನೇ. ಉಪವಾಸದಿಂದ ಉಳಿದದ್ದು ಬಡವನ ಊಟವಾಗಬೇಕು. ಈಗ ನಾವು ಶುಕ್ರವಾರ ಮಾಂಸ ಬಿಡುತ್ತೇವೆ, ಬದಲಿಗೆ ಪನೀರ್, ಅಣಬೆ, ಹೋಟೆಲಿನ ದುಬಾರಿ ಊಟ. ಕಟ್ಟಳೆ ಮುರಿದಂತಾಗುವುದಿಲ್ಲ, ನಿಜ. ಆದರೆ ಉಳಿತಾಯವೂ ಇಲ್ಲ, ಉಳಿತಾಯ ತಲುಪುವ ಕೈಯೂ ಇಲ್ಲ. ಇದು ನನಗೆ ನೋವು ತರುತ್ತದೆ.

ಇದಕ್ಕಿಂತ ಹೆಚ್ಚಿನ ನೋವು ಬೇರೆಯದು. ಶುಕ್ರವಾರ ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆಗೆ ಜನ ತುಂಬುತ್ತಾರೆ. ಹದಿನಾಲ್ಕು ಸ್ಥಳಗಳಲ್ಲೂ ಮಂಡಿಯೂರುತ್ತಾರೆ, ಯೇಸು ಬಿದ್ದಲ್ಲಿ ಕಣ್ಣೀರಿಡುತ್ತಾರೆ. ಆ ಜನರ ನಡುವೆ ಜಮೀನಿನ ಪಾಲಿಗಾಗಿ ಕೋರ್ಟಿನಲ್ಲಿರುವ ಅಣ್ಣತಮ್ಮಂದಿರಿರುತ್ತಾರೆ, ವರ್ಷಗಳಿಂದ ಮಾತು ಬಿಟ್ಟ ಓರಗಿತ್ತಿಯರಿರುತ್ತಾರೆ. ಒಬ್ಬರು ಬಲಗಡೆಯ ಬೆಂಚು, ಇನ್ನೊಬ್ಬರು ಎಡಗಡೆಯದು. ಮನೆಗೆ ಹೋಗಿ ಫೋನು ತೆಗೆದರೆ ವಾಟ್ಸಾಪ್ ಗುಂಪಿನಲ್ಲಿ ಯಾರದೋ ಮಾನ ಹರಾಜಾಗಿರುತ್ತದೆ, ನಾವು ಅದನ್ನು ನಾಲ್ಕು ಜನಕ್ಕೆ ಕಳಿಸಿ ಮಲಗುತ್ತೇವೆ. ಬೇರೆ ಧರ್ಮದವರ ಬಗ್ಗೆ, ಬೇರೆ ಸಭೆಯವರ ಬಗ್ಗೆ, ನಮ್ಮದೇ ಗುರುಗಳ ಬಗ್ಗೆ ನಿಜವೋ ಸುಳ್ಳೋ ತಿಳಿಯದ ಸುದ್ದಿ ನಮ್ಮ ಬೆರಳಿನಿಂದಲೇ ಮುಂದೆ ಹೋಗುತ್ತದೆ. ಯೊವಾನ್ನರ ಮೂರು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಕವರಿಗೆ ಅಂಟಿಸಿಕೊಳ್ಳಬೇಕಾದ ಕಾಲ ಇದು.

ಪೂರ್ವದ ಸಭೆಗಳಲ್ಲಿ ವೈರ ಬಿಡುವುದಕ್ಕೊಂದು ಸುಂದರವಾದ ಆಚರಣೆ ಉಳಿದುಬಂದಿದೆ. ಆರ್ಥೊಡಾಕ್ಸ್ ಸಭೆಗಳ ತಪಸ್ಸುಕಾಲ ಕ್ಷಮೆಯ ಭಾನುವಾರದಿಂದ ಮೊದಲಾಗುತ್ತದೆ. ಆ ಸಂಜೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಎದುರು ಬಾಗಿ ಕ್ಷಮೆ ಕೇಳುತ್ತಾರೆ, ಗುರು ಭಕ್ತರನ್ನು, ಗಂಡ ಹೆಂಡತಿಯನ್ನು, ಅಪ್ಪ ಮಗನನ್ನು. ಕೇರಳ ಮೂಲದ ಮಲಂಕರ ಸಭೆಯಲ್ಲಿ ಇದಕ್ಕೆ ಶುಬ್‌ಕೊನೊ ಎನ್ನುತ್ತಾರೆ. ತಪಸ್ಸುಕಾಲದ ಮೊದಲ ಸೋಮವಾರ ಅದು ನಡೆಯುತ್ತದೆ. ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಈ ಪರಂಪರೆಗೆ ಸೇರಿದ ಹಳೆಯ ಸಮುದಾಯವಿದೆ. ಉಪವಾಸದ ಮೊದಲ ತುತ್ತು ಬಿಡುವುದಕ್ಕೆ ಮುಂಚೆಯೇ ವೈರ ಬಿಡಬೇಕೆಂಬ ಕ್ರಮ ಅವರದು. ಕ್ಯಾಥೊಲಿಕರಾದ ನಾವು ಪವಿತ್ರ ವಾರದಲ್ಲಿ ಪಾಪನಿವೇದನೆಗೆ ಸಾಲು ನಿಲ್ಲುತ್ತೇವೆ, ಗುರುಗಳ ಕಿವಿಯಲ್ಲಿ ತಪ್ಪು ಹೇಳಿಕೊಳ್ಳುತ್ತೇವೆ. ಅದು ಬೇಕೇ ಬೇಕು. ಅದರ ಜೊತೆಗೆ, ತಪ್ಪು ಯಾರಿಗೆ ಮಾಡಿದ್ದೆವೋ ಅವರ ಮನೆಯ ಬಾಗಿಲನ್ನೂ ತಟ್ಟಿದರೆ? ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ರಾಜಿಯಾಗು ಎಂದು ಯೇಸು ಹೇಳಿದ್ದು ಬರೀ ಮಾತಿನ ಸೊಗಸಿಗಾಗಿ ಇರಲಾರದು.

ಕೊನೆಗೆ, ಉಪವಾಸ ಮಾಡಲಾಗದವರ ವಿಷಯ. ಸಕ್ಕರೆ ಕಾಯಿಲೆಯವರು, ಬಸುರಿಯರು, ಬಾಣಂತಿಯರು, ಬಿಸಿಲಲ್ಲಿ ಗಾರೆ ಕೆಲಸ ಮಾಡುವವರು, ಮೂಟೆ ಹೊರುವವರು ಹಲವರು ಈ ದಿನಗಳಲ್ಲಿ ಕೊರಗುವುದನ್ನು ಕಂಡಿದ್ದೇನೆ. ಧರ್ಮಸಭೆ ಅಂಥವರಿಗೆ ಉಪವಾಸವನ್ನು ಕಡ್ಡಾಯ ಮಾಡಿಲ್ಲ. ಅಂತಿಯೋಕ್ಯದಲ್ಲೂ ಊಟ ಮಾಡಿದವರು ನಾಚಿಕೆಪಟ್ಟು ಚರ್ಚಿಗೆ ಬರುವುದನ್ನು ಬಿಟ್ಟಿದ್ದರು. ಯೊವಾನ್ನರು ಅವರನ್ನು ಹೆಸರು ಹಿಡಿಯದೆ ಕರೆದರು. ಉಂಡು ಬಂದರೂ ಬನ್ನಿ, ಊಟ ಮಾಡುವುದು ಪಾಪವಲ್ಲ, ದೇಹಕ್ಕೆ ಶಕ್ತಿಯಿಲ್ಲದಿದ್ದರೆ ಅದಕ್ಕೆ ಕ್ಷಮೆಯಿದೆ, ಆದರೆ ನಾಲಿಗೆಯನ್ನು ಹಿಡಿಯುವುದಕ್ಕೆ, ವೈರ ಬಿಡುವುದಕ್ಕೆ ಯಾವ ಕಾಯಿಲೆಯೂ ಅಡ್ಡಿಯಲ್ಲ ಎಂದು ಹೇಳಿದರು. ಮಧ್ಯಾಹ್ನ ಮಾತ್ರೆ ನುಂಗಲು ಊಟ ಮಾಡಲೇಬೇಕಾದ ನಮ್ಮ ಹಿರಿಯರಿಗೂ, ಕಟ್ಟಡದ ನೆರಳಲ್ಲಿ ಬುತ್ತಿ ಬಿಚ್ಚುವ ನಮ್ಮ ಅಣ್ಣಂದಿರಿಗೂ ಅದೇ ಕರೆ. ಇವತ್ತು ಸಂಜೆ ಪ್ರಾರ್ಥನೆಗೆ ಉಂಡೇ ಬನ್ನಿ. ಬರುವ ದಾರಿಯಲ್ಲಿ ಮಾತು ಬಿಟ್ಟವರ ಮನೆ ಸಿಕ್ಕರೆ ಅವರನ್ನೂ ಕರೆದುಕೊಂಡು ಬನ್ನಿ.